ಪದ ಕಟ್ಟಿದವರ ಹೆಸರು

ನಮ್ಮ ಮನೆಯಲ್ಲಿ ನೀಲತ್ತಿಯ ತಾಟು ಬೇರೆಯಿತ್ತು. ಎಲ್ಲರ ಕಂಚಿನ ತಾಟುಗಳು ಅಡುಗೆಮನೆಯ ಗೋಡೆಗೆ ಒರಗಿ ಸಾಲಾಗಿ ನಿಂತಿರುತ್ತಿದ್ದವು. ಅವಳ ಜರ್ಮನ್ ತಾಟು, ಅಗ್ಗದ ಅಲ್ಯುಮಿನಿಯಮ್ಮಿನದು, ಹಿತ್ತಲ ಬಾಗಿಲ ಹೊರಗೆ ಬೋರಲು ಬಿದ್ದಿರುತ್ತಿತ್ತು. ಮಗ್ಗದವರ ಊಟ, ಅಪ್ಪನ ಊಟ, ನನ್ನ ಊಟ, ಕೊನೆಗೆ ತನ್ನ ಊಟ ಮುಗಿಸಿ ಅವ್ವ ಆ ತಾಟಿಗೆ ಒಂದೂವರೆ ರೊಟ್ಟಿ ಹಾಕುತ್ತಿದ್ದಳು. ಎರಡನೆಯ ರೊಟ್ಟಿಯನ್ನು ಅತ್ತಿಯ ಕಣ್ಣೆದುರಿಗೇ ಮುರಿದು ಅರ್ಧವನ್ನು ಬುಟ್ಟಿಗೆ ವಾಪಸು ಇಡುತ್ತಿದ್ದಳು. ಬುಟ್ಟಿಯಲ್ಲಿ ರೊಟ್ಟಿಗೆ ಕೊರತೆಯಿರಲಿಲ್ಲ. ಸಂಜೆ ಆ ಅರ್ಧ ರೊಟ್ಟಿ ಎಮ್ಮೆಗೆ ಹೋಗುತ್ತಿತ್ತು. ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಬೇರೆ ಮನೆಗಳಲ್ಲಿ ಹೀಗಿಲ್ಲವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ರಬಕವಿಯ ನೇಕಾರ ಓಣಿಯಲ್ಲಿ ನಮ್ಮದು ಉದ್ದನೆಯ ಮನೆ. ಬೀದಿಗೆ ಹತ್ತಿದ ಪಡಸಾಲೆಯಲ್ಲಿ ನಾಲ್ಕು ಕುಣಿಮಗ್ಗ. ಮೊದಲನೆಯದರಲ್ಲಿ ಅಪ್ಪ, ಉಳಿದವುಗಳಲ್ಲಿ ಕೂಲಿಯವರು. ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಅವರು ಕೂತರೆ ಬೀದಿಯಲ್ಲಿ ಹೋಗುವವರಿಗೆ ಸೊಂಟದ ಮೇಲಿನ ಅರ್ಧ ಮನುಷ್ಯರಷ್ಟೇ ಕಾಣುತ್ತಿದ್ದರು. ನಡುಮನೆಯಲ್ಲಿ ಸೀರೆಗಳ ಗಂಟು, ದೇವರ ಮಾಡ, ಕೆಂಪು ಅರಿವೆ ಹೊದಿಸಿದ ಅಪ್ಪನ ಹಾರ್ಮೋನಿಯಂ. ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೂ ಹಿತ್ತಲಿಗೂ ನಡುವೆ, ಗೇಣಗಲದ ಬೆಳಕಿಂಡಿಯಿದ್ದ ಒಂದು ಇಕ್ಕಟ್ಟು ಜಾಗ. ಅಲ್ಲಿ ಬೀಸುಕಲ್ಲು, ರಾಟಿ, ನೂಲಿನ ಬುಟ್ಟಿ ಮತ್ತು ನೀಲತ್ತಿ. ಬೆಳಗ್ಗೆ ಎದ್ದು ಹಿಟ್ಟು ಬೀಸುವುದು, ಆಮೇಲೆ ನಾಲ್ಕೂ ಮಗ್ಗಕ್ಕೆ ಸಾಲುವಷ್ಟು ಕಂಡಿಕೆ ಸುತ್ತುವುದು ಅವಳ ಕೆಲಸ. ಲಾಳಿಯೊಳಗೆ ಕೂಡಿಸುವ ಆ ನೂಲಿನ ಕಂಡಿಕೆಗಳು ಸ್ವಲ್ಪ ತಡವಾದರೆ ಪಡಸಾಲೆಯಿಂದ ಅಪ್ಪನ ದನಿ ಬರುತ್ತಿತ್ತು. ಅಪ್ಪ ಎಂದೂ ಕೂಗಾಡಿದವನಲ್ಲ. ಊರ ಭಜನೆಯಲ್ಲಿ ಮೊದಲ ದನಿ ಅವನದು. ಬೈಯುವಾಗಲೂ ಅದೇ ಹದವಾದ ದನಿಯಲ್ಲೇ ಬೈಯುತ್ತಿದ್ದ.

“ನೀಲವ್ವಾ, ಮಗ್ಗ ನಿಂತಾವ. ಉಂಡದ್ದು ಇನ್ನಾ ಕರಗಿಲ್ಲೇನ?”

ನೀಲತ್ತಿ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಬೀಳಗಿ ಕಡೆಯ ಅನಗವಾಡಿಗೆ, ಹೊಳೆದಂಡೆಯ ಊರಿಗೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ಹೋದ. ಅದಾಗಿ ಕೆಲವು ತಿಂಗಳಿಗೆ, ಮನೆಮಂದಿಯ ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೋದ ಅತ್ತಿ, ಸೀರೆ ಹಿಂಡಿ ತಿರುಗಿ ನೋಡುವಷ್ಟರಲ್ಲಿ ಎರಡು ವರ್ಷದ ಮಗಳು ಚಂದ್ರಿ ದಂಡೆಯಲ್ಲಿರಲಿಲ್ಲ. ಮಳಲಿನಲ್ಲಿ ಹೆಜ್ಜೆಗಳಿದ್ದವು, ನೀರಿನ ತನಕ. ಆ ಮನೆಯಲ್ಲಿ ಅವಳು ಇನ್ನೊಂದು ವರ್ಷ ಬೀಸಿ ಕುಟ್ಟಿ ಕಳೆದಳು. ಆಮೇಲೆ ಗಂಡನ ಅಣ್ಣ ಮಲ್ಲಪ್ಪ ಚಕ್ಕಡಿ ಕಟ್ಟಿಸಿ, ಅವಳನ್ನು ನಮ್ಮ ಬಾಗಿಲಲ್ಲಿ ಇಳಿಸಿ, ನೀರೂ ಕುಡಿಯದೆ ತಿರುಗಿ ಹೋದನಂತೆ. ಇದೆಲ್ಲ ನಾನು ಹುಟ್ಟುವ ಹೊತ್ತಿಗೆ ಆಗಿಹೋಗಿತ್ತು. ಜಗಳ ಬಂದಾಗ ಅವ್ವ ಬೇರೆ ಬೈಗುಳ ಹುಡುಕುತ್ತಿರಲಿಲ್ಲ.

“ಹೆತ್ತ ಮಗಳನ್ನ ಹೊಳಿಗಿ ಕೊಟ್ಟಾಕಿ ನೀ. ನನ್ನ ಮಗಳ ಮೈಮ್ಯಾಲೆ ನಿನ್ನ ನೆಳ್ಳ ಬೀಳಬಾರದು ನೋಡು.”

ಆದರೆ ನಾನು ಬೆಳೆದದ್ದು ಆ ನೆರಳಿನಲ್ಲೇ. ಶಾಲೆ ಬಿಟ್ಟೊಡನೆ ಓಡಿಬಂದು ರಾಟಿಯ ಪಕ್ಕ ಕೂರುತ್ತಿದ್ದೆ, ಯಾಕೆಂದರೆ ರಾಟಿ ತಿರುಗುವಾಗ ಅತ್ತಿ ಪದ ಕಟ್ಟುತ್ತಿದ್ದಳು. ಹಳೆಯ ಪದಗಳನ್ನು ಎಲ್ಲ ಹೆಂಗಸರೂ ಹಾಡುತ್ತಿದ್ದರು. ಅತ್ತಿ ಹೊಸತು ಕಟ್ಟುತ್ತಿದ್ದಳು. ಒಂದು ಸಾಲು ಬಂದರೆ ಅದನ್ನು ನಾಲ್ಕು ದಿನ ತಿರುವಿ ಮುರುವಿ, ಒಂದು ಮಾತು ತೆಗೆದು ಇನ್ನೊಂದು ಹಾಕಿ, ಹೊಂದದಿದ್ದರೆ “ಥೂ, ಕುಂಟಾಕತ್ತೈತಿ” ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಅಕ್ಷರ ಬಾರದ ಅವಳು ಆ ಮನೆಯಲ್ಲಿ ಸಲಹೆ ಕೇಳುತ್ತಿದ್ದುದು ನನ್ನೊಬ್ಬಳನ್ನೇ.

“ಲೇ ಶಾಂತೀ, ಇಲ್ಲಿ ‘ಮಗು’ ಅಂದ್ರ ಛಲೋನೋ, ‘ಕೂಸು’ ಅಂದ್ರ ಛಲೋನೋ?”

“ಕೂಸು.”

“ಯಾಕಬೇ?”

“ಬಾಯಾಗ ಮೆತ್ತಗ ಇರತೈತಿ.”

ಅವಳು ನಕ್ಕು, ನೂಲಿನ ಗಂಜಿ ಹತ್ತಿದ ಕೈಯಿಂದಲೇ ನನ್ನ ತಲೆ ಸವರುತ್ತಿದ್ದಳು. ಪದ ಕಟ್ಟುವವರು ತಮ್ಮ ಗುರುತಿಗೆಂದು ಪದದೊಳಗೆ ಒಂದು ಹೆಸರು ಇಡುತ್ತಾರೆ. ಅದಕ್ಕೆ ಅಂಕಿತ ಎನ್ನುತ್ತಾರೆ. ಅತ್ತಿ ತನ್ನ ಹೆಸರು ಇಡಲಿಲ್ಲ, ದೇವರ ಹೆಸರೂ ಇಡಲಿಲ್ಲ. ಎಲ್ಲ ಪದಗಳಲ್ಲೂ ‘ನನ ಚಂದ್ರಿ’ ಎಂದೇ ಇಡುತ್ತಿದ್ದಳು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಶಾಲೆಯಲ್ಲಿ ನನ್ನ ಅಕ್ಷರವನ್ನು ಹೊಗಳಿದರೆಂಬ ಉಮೇದಿನಲ್ಲಿ, ಅವಳ ಪದಗಳನ್ನೆಲ್ಲ ಒಂದು ವಹಿಯಲ್ಲಿ ಬರೆಯಲು ಹಿಡಿದೆ. ಮೂವತ್ತಕ್ಕೆ ಹತ್ತಿರ ಆದವು. ಒಂದೊಂದು ಬರೆದು ಮುಗಿಸಿದಾಗಲೂ ಅವಳು ವಹಿಯನ್ನು ಕೈಗೆ ತೆಗೆದುಕೊಂಡು, “ಇದರಾಗ ಚಂದ್ರಿ ಎಲ್ಲದಾಳ, ತೋರಸು” ಎನ್ನುತ್ತಿದ್ದಳು. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಅವಳು ಆ ಎರಡು ಅಕ್ಷರಗಳನ್ನು ನೋಡುತ್ತ ಕೂರುತ್ತಿದ್ದಳು. ಅವಳಿಗೆ ತೀರ ಮೆಚ್ಚಿನ ಪದ ಹೀಗೆ ಶುರುವಾಗುತ್ತಿತ್ತು:

ಹೊಳಿದಂಡಿ ಮಳಲಾಗ ಸಣ್ಣ ಹೆಜ್ಜಿ ಮೂಡ್ಯಾವ
ತೆರಿ ಬಂದು ಒಂದೊಂದ ಒರಿಸ್ಯಾವ, ನನ ಚಂದ್ರಿ
ತೊಳಿಯಾಕ ಕಾಲ ಎಲ್ಲಿ ಹೋದಿ?

ಆ ವರ್ಷ ಗ್ರಾಮಫೋನು ಕಂಪನಿಯ ಏಜೆಂಟರೊಬ್ಬರು ಬನಹಟ್ಟಿಗೆ ಬಂದು ನೂಲಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಇಳಿದಿದ್ದರು. ಕರಿ ಟೊಪ್ಪಿಗೆ, ಬಿಳಿ ಕೋಟು, ಕೈಯಲ್ಲಿ ಚರ್ಮದ ಚೀಲ. ಅಲ್ಲಿ ಅಪ್ಪನ ಭಜನೆ ಕೇಳಿ, ಮರುದಿನ ಮುಂಜಾನೆಯೇ ನಮ್ಮ ಪಡಸಾಲೆಗೆ ಬಂದರು. ಅಪ್ಪ ಮಗ್ಗದಿಂದೆದ್ದು ಕಂಬಳಿ ಹಾಸಿದ.

“ದನಿ ಛಲೋ ಐತ್ರಿ ಗುರುಪಾದಪ್ಪನವರ,” ಎಂದರು ಏಜೆಂಟರು. “ಆದ್ರ ಹಳೇ ಪದ ಬ್ಯಾಡ. ಅವನ್ನ ಊರ ಮಂದಿ ಎಲ್ಲಾ ಹಾಡ್ಯಾರ. ನೀವ ಸ್ವಂತ ಕಟ್ಟಿದ್ದು ಅದಾವೇನು? ಸ್ವಂತದ್ದಿದ್ರ ಕಂಪನ್ಯಾಗ ನಿಮ್ಮ ಹೆಸರಿಲೆ ದಾಖಲ ಆಗತೈತಿ. ಗ್ರಾಮಫೋನಿನ ಪ್ಲೇಟು ಮಾರಿದಂಗ ಮಾರಿದಂಗ ಪದಾ ಕಟ್ಟಿದವ್ರಿಗೆ ಪಾಲು. ಅದಕ್ಕ ರಾಯಲ್ಟಿ ಅಂತಾರ. ನೀವು ಹೋದ ಮ್ಯಾಲೂ ನಿಮ್ಮ ಮಕ್ಕಳಿಗೆ ಬರತೈತಿ.”

ಅಪ್ಪ ಜೀವಮಾನದಲ್ಲಿ ಒಂದು ಸಾಲು ಕಟ್ಟಿದವನಲ್ಲ. ಒಳಗಿನಿಂದ ರಾಟಿಯ ಸದ್ದು ಬರುತ್ತಿತ್ತು.

“ಅದಾವ್ರಿ,” ಎಂದ. “ಸ್ವಂತದ್ದ ಅದಾವ.”

ಅಂದು ಮಧ್ಯಾಹ್ನ ಅಪ್ಪ ನನ್ನನ್ನು ಹಾರ್ಮೋನಿಯಂ ಪಕ್ಕ ಕೂರಿಸಿಕೊಂಡು ನನ್ನ ವಹಿ ತರಿಸಿದ. ಅದುವರೆಗೆ ಅವನು ನನ್ನನ್ನು ಹಾಗೆ ಕೂರಿಸಿಕೊಂಡದ್ದಿರಲಿಲ್ಲ. ಅತ್ತಿಯ ಪದಗಳ ಧಾಟಿ ಅವನಿಗೆ ಬಾಯಿಪಾಠವಿತ್ತು; ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದ್ದ. ತೊಡಕಾದದ್ದು ಅಂಕಿತ ಒಂದೇ. ‘ನನ ಚಂದ್ರಿ’ ಇದ್ದಲ್ಲಿ ‘ಗುರುಪಾದ’ ಎಂದು ತನ್ನ ಹೆಸರಿಟ್ಟು ಹಾಡಿ ನೋಡಿದ. ತಾಳಕ್ಕೆ ಕೂತಿತು, ಅರ್ಥಕ್ಕೆ ಕೂಡಲಿಲ್ಲ. ಗುರುಪಾದ ಎನ್ನುವವನು ಕಾಲು ತೊಳೆಯಲು ಎಲ್ಲಿಗೆ ಹೋದ? ಅಪ್ಪ ಎರಡು ಮೂರು ಸಲ ತಿಣುಕಿ ಕೈಬಿಟ್ಟ. ಆಗ ಮನೆಯಲ್ಲಿ ನನ್ನ ಶಾಲೆಯ ಮಾತು ನಡೆದಿತ್ತು. ಹುಡುಗಿಗೆ ನಾಲ್ಕು ಇಯತ್ತೆ ಸಾಕು, ಬಿಡಿಸಿ ಕಂಡಿಕೆ ಸುತ್ತಲಿಕ್ಕೆ ಕೂರಿಸೋಣವೆಂದು ಅವ್ವ ಹಟ ಹಿಡಿದಿದ್ದಳು. ಅಪ್ಪನಿಗೆ ಅದು ನೆನಪಿತ್ತು.

“ಶಾಂತಾ, ಇದನ್ನಷ್ಟ ಕೂಡಿಸಿ ಕೊಡು. ಏಳನೇ ಇಯತ್ತೆ ಮುಲ್ಕಿ ಪರೀಕ್ಷಾ ತನಕಾ ನಿನ್ನ ಸಾಲಿ ಬಿಡಸೂದಿಲ್ಲ. ನಿಮ್ಮವ್ವ ಏನರ ಅನ್ನಲಿ.”

ಅವನು ಎಲೆ ಅಡಿಕೆ ಹಾಕಿಕೊಂಡು ಉಗುಳಿ ಬರುವಷ್ಟರಲ್ಲಿ ನಾನು ಕೂಡಿಸಿದ್ದೆ.

ಹೊಳಿದಂಡಿ ಮಳಲಾಗ ಸ್ವಾಮಿ ಹೆಜ್ಜಿ ಮೂಡ್ಯಾವ
ತೆರಿ ಬಂದು ಒಂದೊಂದ ಒರಿಸ್ಯಾವ, ಗುರುಪಾದ
ತೊಳಿಯಾಕ ನೀರ ಎಲ್ಲಿ ತರಲಿ?

ನಾಲ್ಕೈದು ಮಾತು ಬದಲಾಗಿದ್ದವು. ಮುಳುಗಿದ ಕೂಸಿನ ಪದ ಗುರುವಿನ ಪಾದ ತೊಳೆಯುವ ಭಕ್ತಿಪದವಾಗಿತ್ತು, ಅದರೊಳಗೆ ಅಪ್ಪನ ಹೆಸರೂ ಕೂತಿತ್ತು. ಆಗ ನನಗಾದ ಸಂತೋಷವನ್ನು ನಾನು ಇಲ್ಲಿ ಮರೆಮಾಚುವುದಿಲ್ಲ. ಮಾತೊಂದು ತನ್ನ ಜಾಗಕ್ಕೆ ತಾನೇ ಹೋಗಿ ಕೂತಾಗಿನ ಆ ಸುಖವನ್ನು ನಾನು ಮೊದಲು ಉಂಡದ್ದು ಅಂದು. ಮುಂದೆ ಬರೆದು ಬದುಕಿದವಳು ನಾನು. ನನ್ನ ಬರವಣಿಗೆ ಶುರುವಾದದ್ದು ಅಲ್ಲಿಂದ. ಅಪ್ಪ ಹಾಡಿ ನೋಡಿ, ನನ್ನ ಬೆನ್ನು ತಟ್ಟಿದ. ಗೋಡೆಯಾಚೆ ರಾಟಿ ತಿರುಗುತ್ತಲೇ ಇತ್ತು. ಅದೇ ರೀತಿ ಇನ್ನೊಂದು ಪದವನ್ನೂ ತಿದ್ದಿದೆ. ಪ್ಲೇಟಿಗೆ ಎರಡು ಮಗ್ಗುಲು.

ಏಜೆಂಟರು ಅಚ್ಚಾದ ಕಾಗದ ತಂದರು. ಅದರಲ್ಲಿ ಸಾಲುಗಳಿದ್ದವು: ಪದದ ಮೊದಲ ಸಾಲು, ಪದ ಕಟ್ಟಿದವರ ಹೆಸರು, ಧಾಟಿ ಹಾಕಿದವರ ಹೆಸರು, ಹಾಡಿದವರ ಹೆಸರು. ಕೆಳಗೆ, ಇದು ನನ್ನ ಸ್ವಂತ ಕೃತಿ, ಬೇರೆಯವರ ಹಕ್ಕು ಇದರ ಮೇಲಿಲ್ಲ ಎಂಬ ಒಪ್ಪಿಗೆ. ಅಪ್ಪ ಹೇಳಿದಂತೆ ನಾನೇ ತುಂಬಿದೆ. ಮೂರು ಕಡೆಯೂ ಅವನದೇ ಹೆಸರು. ಅತ್ತಿ ಚಹಾದ ತಾಟು ಹಿಡಿದು ನಡುಮನೆಯ ಬಾಗಿಲ ತನಕ ಬಂದಳು. ಅವ್ವ ಅಲ್ಲಿಂದಲೇ ಕಸಿದುಕೊಂಡಳು. “ಹುಡುಗಿ ಅಕ್ಷರ ಮುತ್ತಿನಂಗ ಅದಾವ” ಎಂದು ಏಜೆಂಟರು ಹೊಗಳಿದಾಗ ಬಾಗಿಲಲ್ಲಿ ನಿಂತ ಅತ್ತಿ ಹೆಮ್ಮೆಯಿಂದ ನಕ್ಕಳು. ಏನು ಬರೆದೆನೆಂದು ಅವಳಿಗೆ ಓದಲು ಬರುತ್ತಿರಲಿಲ್ಲ. ಏಜೆಂಟರು ಹೊರಡುವ ಮುಂದೆ ಅಪ್ಪನಿಗೆ ಒಂದು ಮಾತು ಹೇಳಿದರು: ಈ ಹಕ್ಕಿನ ಕಾಯ್ದೆ ಬ್ರಿಟಿಷ್ ಸರಕಾರದ್ದು, ಈ ಊರಿರುವ ರಾಜರ ಸಂಸ್ಥಾನದಲ್ಲಿ ನಡೆಯುತ್ತದೋ ಇಲ್ಲವೋ ತಮಗೆ ಖಾತ್ರಿಯಿಲ್ಲ, ಆದ್ದರಿಂದ ಸ್ಟಾಂಪಿನ ಕಾಗದಕ್ಕೆ ಬ್ರಿಟಿಷ್ ಸೀಮೆಯ ಬಾಗಲಕೋಟೆಗೆ ಬಂದು ಸಹಿ ಹಾಕಬೇಕು. ಅಪ್ಪ ಲೋಕಾಪುರದ ಮೇಲೆ ಬಾಗಲಕೋಟೆಗೆ ಹೋಗಿ ಸಹಿ ಮಾಡಿ ಬಂದ. ಆಮೇಲೆ ಕುಡಚಿಯಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗಿ ಹಾಡಿ ಬಂದ. ಬರುವಾಗ ಅವ್ವನಿಗೆ ಅತ್ತರು, ನನಗೆ ಶಾಯಿಪೆನ್ನು ತಂದ. ಅತ್ತಿಗೆ ಏನೂ ಇರಲಿಲ್ಲ. ಅವಳು ಕೇಳಲೂ ಇಲ್ಲ.

ಪ್ಲೇಟು ಬಂದ ದಿವಸ ವ್ಯಾಪಾರಿಯ ಗ್ರಾಮಫೋನನ್ನು ನಮ್ಮ ಪಡಸಾಲೆಗೆ ಹೊತ್ತು ತಂದರು. ಮಗ್ಗಗಳು ನಿಂತವು. ಓಣಿಯ ಮಂದಿಯೆಲ್ಲ ಕೂತರು, ಹೆಂಗಸರು ನಡುಮನೆಯಲ್ಲಿ, ಅತ್ತಿ ಅವರ ಹಿಂದೆ ಅಡುಗೆಮನೆಯ ಹೊಸ್ತಿಲಲ್ಲಿ. ಮೊದಲ ಸಾಲು ಕೇಳಿದಾಗ ಅವಳ ಮುಖ ಅರಳಿದ್ದನ್ನು ನಾನು ಕಂಡೆ. ತನ್ನ ಪದವನ್ನು ಅಣ್ಣ ಮುಂಬಯಿಗೆ ಒಯ್ದು ಹಾಡಿದನೆಂದು ತಿಳಿದಳೋ ಏನೋ. ‘ಸ್ವಾಮಿ ಹೆಜ್ಜಿ’ ಎಂದಾಗ ಹುಬ್ಬು ಕೂಡಿದವು. ‘ಗುರುಪಾದ’ ಎಂದಾಗ ಅವಳು ಗ್ರಾಮಫೋನನ್ನು ಬಿಟ್ಟು ನನ್ನನ್ನು ನೋಡಿದಳು. ಮುದುಕರೊಬ್ಬರು ಭಕ್ತಿಯಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಚ್ಚಿಸಿದರು. ಮಂದಿ ಚದುರಿದ ಮೇಲೆ ಹಿತ್ತಲಲ್ಲಿ ಅವಳು ನನ್ನನ್ನು ಹಿಡಿದಳು.

“ಆ ಸಾಲ ಯಾರ ಕೂಡಿಸಿದ್ದು?”

“ಅಪ್ಪ.”

“ನಿಮ್ಮಪ್ಪಗ ರಾಗ ಬರತೈತಿ, ಮಾತ ಬರೂದಿಲ್ಲ. ತನ್ನ ಹೆಸರಾಗ ಪಾದಾ ಅದಾವಂತ ಅಂವಗ ಇಷ್ಟ ವರ್ಷ ಹೊಳದಿಲ್ಲ. ಇದು ನಿನ್ನ ಕೆಲಸ.”

ನಾನು ತಲೆ ತಗ್ಗಿಸಿದೆ.

“ಛಲೋ ಕೂಡೈತಿ,” ಎಂದಳು. “ಎಲ್ಲೂ ಕುಂಟೂದಿಲ್ಲ.” ಆಮೇಲೆ ಕೇಳಿದಳು, “ಚಂದ್ರೀನ ತಗದು ಎಲ್ಲಿ ಇಟ್ಟಿ ಮತ್ತ?”

ಅವಳು ಹೊಡೆದಿದ್ದರೆ ಅಂದಿಗೆ ಮುಗಿಯುತ್ತಿತ್ತು. ಹೊಡೆಯಲಿಲ್ಲ. ಅಂದಿನಿಂದ ನಾನು ಅವಳನ್ನು ದ್ವೇಷಿಸಲು ಹಿಡಿದೆ. ಅವಳ ಮುಖ ಕಂಡರೆ ಮೈ ಉರಿಯುತ್ತಿತ್ತು. ಅತ್ತಿ ಬೆಲ್ಲ ಕದ್ದು ತಿಂದಳೆಂದು ಅವ್ವನಿಗೆ ಸುಳ್ಳು ಚಾಡಿ ಹೇಳಿದೆ. ಒಂದೂವರೆ ರೊಟ್ಟಿ ಒಂದಾಯಿತು. ಯಾರ ಕೆಲಸವೆಂದು ಅತ್ತಿಗೆ ಗೊತ್ತಿತ್ತು. ರೊಟ್ಟಿ ಮುರಿಯುವಾಗ ಅವಳು ನನ್ನತ್ತ ನೋಡಿ, ಆಮೇಲೆ ತಾಟಿನತ್ತ ನೋಡಿ, ಉಂಡಳು.

ಪ್ಲೇಟು ಕೇಳಿದ ಮರುದಿನ ಬೆಳಗ್ಗೆ ಬೀಸುವಾಗ ಅವಳು ತನ್ನ ಪದವನ್ನು ತನ್ನ ಮಾತಿನಲ್ಲೇ ಹಾಡಿದಳು, ಚಂದ್ರಿಯ ಹೆಸರಿಟ್ಟು, ಎಂದಿಗಿಂತ ಗಟ್ಟಿಯಾಗಿ. ಅಪ್ಪ ಎದ್ದು ಒಳಗೆ ಬಂದು ಬೀಸುಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ನೀಲವ್ವಾ, ಆ ಪದಾ ಈಗ ಕಂಪನೀದು. ಕಾಗದ ಆಗೈತಿ. ಪರವಾನಗಿ ಇಲ್ಲದ ಹಾಡಿದ್ರ ಕಾಯ್ದೆ ಪ್ರಕಾರ ಕಳವು. ಫೌಜದಾರ ಬಂದು ಎಳಕೊಂಡ ಹೋಗ್ತಾನ.”

“ಬೀಸೂವಾಗೂ ಹಾಡಬಾರದೇನ ಅಣ್ಣಾ?”

“ಬೀಸೂವಾಗೂ.”

ಏಜೆಂಟರು ಹೇಳಿದ್ದು ಬೇರೆ ಕಂಪನಿಗೆ, ನಾಟಕದವರಿಗೆ ಪದ ಕೊಡಬಾರದೆಂದಷ್ಟೇ. ಆ ಕಾಯ್ದೆ ನಮ್ಮ ಓಣಿಯಲ್ಲಿ ನಡೆಯುತ್ತಿತ್ತೋ ಇಲ್ಲವೋ ಅದೂ ಯಾರಿಗೂ ಗೊತ್ತಿರಲಿಲ್ಲ. ಅತ್ತಿ ಮಾತ್ರ ಹೆದರಿದಳು. ಸಂಜೆ ನನ್ನ ಹತ್ತಿರ ಬಂದು, ಕೈಯಲ್ಲಿ ಕಂಡಿಕೆ ಹಿಡಿದುಕೊಂಡೇ ಕೇಳಿದಳು.

“ಶಾಂತೀ, ಕಾಗದದಾಗ ಯಾವ ಯಾವ ಪದಾ ಬರದಾರಬೇ? ಅವನ್ನ ಬಿಟ್ಟು ಉಳಿದದ್ದು ಹಾಡಿಕೊಂತೀನಿ.”

ಎರಡು ಎಂದು ಹೇಳಬಹುದಿತ್ತು. ಮೂವತ್ತರಲ್ಲಿ ಎರಡು.

“ಎಲ್ಲಾ,” ಎಂದೆ.

ಆಮೇಲೆ ರಾಟಿಯ ಸದ್ದಷ್ಟೇ ಉಳಿಯಿತು. ವಾರವೊಂದು ಕಳೆದ ಮೇಲೆ ಮಗ್ಗದ ಕೂಲಿಯವನೊಬ್ಬ, ನೀಲವ್ವನ ದನಿ ಯಾಕೆ ಕೇಳುತ್ತಿಲ್ಲವೆಂದು ಅಪ್ಪನನ್ನು ಕೇಳಿದ. “ಗಂಟಲ ಕಟ್ಟೇತಿ” ಎಂದ ಅಪ್ಪ.

ಪ್ಲೇಟು ಚೆನ್ನಾಗಿ ಮಾರಿತು. ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಅಪ್ಪನ ಪದ ಕೇಳಿಬರುತ್ತಿತ್ತು. ಹಾಗೆಯೇ ಅದು ಅನಗವಾಡಿಗೂ ಹೋಯಿತು. ಅಲ್ಲಿಯ ಹೆಂಗಸರು ಕೇಳಿದೊಡನೆ ಗುರುತು ಹಿಡಿದರು. ಅತ್ತಿ ಅಲ್ಲಿ ಕಳೆದ ಆ ಕೊನೆಯ ವರ್ಷದಲ್ಲಿ ಅದನ್ನು ಬೀಸುತ್ತ ಹಾಡಿದ್ದಳು. ಮಲ್ಲಪ್ಪ ಯಾರಿಂದಲೋ ಕಂಪನಿಗೆ ಕಾಗದ ಬರೆಸಿದ: ಇದು ನಮ್ಮ ಮನೆಯ ಪದ, ಕದ್ದು ದಾಖಲು ಮಾಡಿಸಿದ್ದಾರೆ. ಕಂಪನಿಯವರು ಅಪ್ಪನ ಪಾಲು ತಡೆಹಿಡಿದು ಏಜೆಂಟರನ್ನು ವಿಚಾರಣೆಗೆ ಕಳಿಸಿದರು. ಅವರು ಬರುವ ಹಿಂದಿನ ದಿವಸ ಅಪ್ಪ ನನ್ನ ವಹಿಯನ್ನು ತೆಗೆದುಕೊಂಡು ಹೋಗಿ ನೂಲಿಗೆ ಹಾಕುವ ಗಂಜಿ ಕುದಿಯುತ್ತಿದ್ದ ಒಲೆಗೆ ಒಟ್ಟಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಒಲೆಯ ಮುಂದೆ ಗಂಜಿ ತಿರುವುತ್ತಿದ್ದವಳು ಅತ್ತಿ. ಅಪ್ಪ ಅವಳಿಗೆ ಹೇಳಿದ್ದು ಒಂದೇ ಮಾತು.

“ನಾಳಿ ಕೇಳಿದ್ರ ಅಣ್ಣ ಕಟ್ಟಿದ್ದು ಅನ್ನು. ಬ್ಯಾರೆ ಏನರ ಅಂದ್ರ ಈ ಮನ್ಯಾಗ ನಿನಗ ಜಾಗಾ ಇಲ್ಲ.”

ಮುಂಜಾನೆ ಹತ್ತರ ಸುಮಾರಿಗೆ ಎಲ್ಲರೂ ಪಡಸಾಲೆಯಲ್ಲಿ ಕೂಡಿದರು. ಮಲ್ಲಪ್ಪ ಎತ್ತರದ ಆಳು, ಬಿಳಿ ರುಮಾಲು. ಏಜೆಂಟರು ಎರಡೂ ಕಡೆಯ ಕಾಗದಗಳನ್ನು ಕಂಬಳಿಯ ಮೇಲೆ ಹರಡಿಕೊಂಡರು.

“ಪದದಾಗ ಚಂದ್ರಿ ಅಂತ ಇತ್ರಿ,” ಎಂದ ಮಲ್ಲಪ್ಪ. “ಅದು ನನ್ನ ತಮ್ಮನ ಕೂಸು. ಕೂಸು ನಮ್ಮ ಮನೀದು, ಸತ್ತದ್ದು ನಮ್ಮ ಹೊಳ್ಯಾಗ. ಕೂಸಿನ ಮ್ಯಾಲಿನ ಪದಾ ಇವರದು ಹೆಂಗ ಆಕ್ಕೈತಿ?”

“ನನ್ನ ಪದದಾಗ ಚಂದ್ರಿ ಇಲ್ಲ,” ಎಂದ ಅಪ್ಪ ಹದವಾದ ದನಿಯಲ್ಲಿ. “ಗುರುವಿನ ಪಾದಾ ಅದಾವ. ಪ್ಲೇಟ ಹಚ್ಚಿ ಕೇಳ್ರಿ.”

ಏಜೆಂಟರು ಅತ್ತಿಯನ್ನು ಕರೆಸಿದರು. ಅವಳು ನಡುಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸೆರಗು ಹಣೆಯ ತನಕ ಇತ್ತು.

“ನೀಲವ್ವಾ, ಖರೆ ಹೇಳ್ರಿ. ಈ ಪದಾ ಯಾರ ಕಟ್ಟಿದ್ದು?”

“ಕೂಸು ನಂದ್ರಿ,” ಎಂದಳು ಅತ್ತಿ. “ಪದಾನೂ ನಂದ.”

ಅವ್ವ ಒಳಗಿನಿಂದ ಬೈಯತೊಡಗಿದಳು. ಏಜೆಂಟರು ಕೈಯೆತ್ತಿ ಸುಮ್ಮನಾಗಿಸಿ, “ಸಾಕ್ಷಿ ಏನೈತಿ?” ಎಂದರು. ಆಗ ಅತ್ತಿ ನನ್ನತ್ತ ಕೈ ಮಾಡಿದಳು. ಅಷ್ಟೆಲ್ಲ ಆದ ಮೇಲೂ.

“ನಮ್ಮ ಶಾಂತಿ ಬರದಾಳ್ರಿ. ನಾ ಹೇಳಿದಂಗ ಒಂದೊಂದ ಬರದಾಳ. ಸಾಲಿ ಕಲ್ತ ಹುಡುಗಿ, ಅಕಿನ್ನ ಕೇಳ್ರಿ.”

ಎಲ್ಲರೂ ನನ್ನನ್ನು ನೋಡಿದರು. ಅಪ್ಪ ನೋಡಲಿಲ್ಲ; ಅವನು ತನ್ನ ಮಗ್ಗದ ಕಡೆ ನೋಡುತ್ತಿದ್ದ. ನನಗೆ ನಿಜ ಹೇಳಲು ಬಾಯಿ ಬರಲಿಲ್ಲವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅದು ಸುಳ್ಳು. ಬಾಯಿ ಸರಾಗವಾಗಿಯೇ ಬಂತು.

“ಅಪ್ಪ ಹೇಳಿದ್ದು, ನಾ ಬರದೆ. ಅತ್ತಿಗಿ ಪದಾ ಕಟ್ಟಾಕ ಬರೂದಿಲ್ಲ.”

ಎರಡನೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅದು ನಾನೇ ಕೂಡಿಸಿದ್ದು. ಅತ್ತಿ ಚೌಕಟ್ಟಿನಿಂದ ಕೈ ತೆಗೆದಳು. ಒಳಗೆ ಹೋದಳು. ಅಪ್ಪ ಮಲ್ಲಪ್ಪನಿಗೆ ಒಂದಿಷ್ಟು ದುಡ್ಡು, ಎರಡು ಸೀರೆ ಕೊಟ್ಟು ಬಾಯಿ ಮುಚ್ಚಿಸಿದ. ಮಲ್ಲಪ್ಪ ತಕರಾರಿಲ್ಲವೆಂದು ಹೆಬ್ಬೆಟ್ಟೊತ್ತಿದ, ಹೋಗುವಾಗ ತಮ್ಮನ ಹೆಂಡತಿಯನ್ನು ಮಾತನಾಡಿಸಲೂ ಇಲ್ಲ. ಏಜೆಂಟರು ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡು, ಜಗಲಿಯ ಮೇಲೆ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

“ಮುಂದಿನ ಪ್ಲೇಟಿಗೂ ಇಂಥವ ಬೇಕಾಗ್ತಾವ್ರಿ. ನಿಮ್ಮ ತಂಗೀನ್ನ ಹೊರಗ ಹಾಕಬ್ಯಾಡ್ರಿ ಮತ್ತ.”

ಅವರಿಗೆ ಎಲ್ಲ ತಿಳಿದಿತ್ತು. ಅಪ್ಪ ಅವರನ್ನು ಬನಹಟ್ಟಿಗೆ ಕಳಿಸಿ ಬರಲು ಹೋದ ಹೊತ್ತಿನಲ್ಲಿ ಅವ್ವ ಅತ್ತಿಯ ಎರಡು ಸೀರೆಗಳನ್ನು ಬೀದಿಗೆ ಒಗೆದಳು. ಅತ್ತಿ ಅವನ್ನು ಹೆಕ್ಕಿ, ಮಣ್ಣು ಜಾಡಿಸಿ ಗಂಟು ಕಟ್ಟಿಕೊಂಡು ತೇರದಾಳದ ದಾರಿ ಹಿಡಿದಳು. ಹಾಡುಹಗಲು, ಓಣಿಯ ಮಂದಿಯೆಲ್ಲ ಜಗಲಿಗೆ ಬಂದು ನೋಡಿದರು. ಅಪ್ಪ ಬಂದು ಸುದ್ದಿ ಕೇಳಿ ಮೊದಲ ಬಾರಿ ಅವ್ವನ ಮೇಲೆ ಕೂಗಾಡಿದ.

“ಇನ್ನ ಮುಂದ ಪದಾ ಯಾರ ಕಟ್ಟಬೇಕು? ನಿಮ್ಮಪ್ಪ ಬಂದ ಕಟ್ಟತಾನೇನ?”

ಕಟ್ಟಲು ನನ್ನನ್ನು ಕೂರಿಸಿದರು. ಎಷ್ಟೋ ರವಿವಾರ ಕೂತೆ. ಪ್ರಾಸ ಬರುತ್ತಿತ್ತು, ತಾಳಕ್ಕೂ ಕೂಡುತ್ತಿತ್ತು. ಅಪ್ಪ ಹಾಡಿದರೆ ಸತ್ತ ಮಾತುಗಳಂತೆ ಉದುರುತ್ತಿದ್ದವು. ಕಂಪನಿಯವರು ಒಂದನ್ನೂ ತೆಗೆದುಕೊಳ್ಳಲಿಲ್ಲ. ಮೊದಲ ಪ್ಲೇಟು ಮಾತ್ರ ಮಾರುತ್ತಲೇ ಇತ್ತು. ಅಪ್ಪ ಕೊಟ್ಟ ಮಾತು ಉಳಿಸಿಕೊಂಡ, ಶಾಲೆ ಬಿಡಿಸಲಿಲ್ಲ. ಮುಂಜಾನೆ ಸಂಜೆ ಅತ್ತಿಯ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತ ನಾನು ಓದಿದೆ, ಮುಲ್ಕಿ ಪಾಸಾದೆ, ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಹಿಡಿದೆ. ಅಪ್ಪ ಎದೆನೋವಿನಲ್ಲಿ ತೀರಿಕೊಂಡಾಗ ವಾರಸುದಾರಳಾಗಿ ನನ್ನ ಹೆಸರು ಕಂಪನಿಯ ಪುಸ್ತಕಕ್ಕೆ ಹತ್ತಿತು. ಆಗ ನಾನು ಕಂಪನಿಗೆ ಬರೆದೆ: ಪದ ಕಟ್ಟಿದವರ ಹೆಸರು ತಪ್ಪಾಗಿ ದಾಖಲಾಗಿದೆ. ಉತ್ತರ ಬಂತು. ಹೆಸರು ಬದಲಿಸಬಹುದು, ವಾರಸುದಾರರ ಒಪ್ಪಿಗೆ ಬೇಕು, ನಿಜವಾಗಿ ಕಟ್ಟಿದವರ ಸಹಿ ಅಥವಾ ಹೆಬ್ಬೆಟ್ಟು ಬೇಕು. ಜೊತೆಗೆ ಅಚ್ಚಾದ ಕಾಗದ.

ರಜೆಯ ದಿವಸ ಮೋಟರಿನಲ್ಲಿ ತೇರದಾಳಕ್ಕೆ ಹೋದೆ. ಅತ್ತಿ ಅಲ್ಲಿ ಒಂದು ಜೈನ ವ್ಯಾಪಾರಿಗಳ ಮನೆಯಲ್ಲಿ ಬೀಸುವ ಕುಟ್ಟುವ ಕೆಲಸಕ್ಕಿದ್ದಳು. ಮನೆಯ ಯಜಮಾನಿ ಒಳಗೆ ಕರೆದು ಕೂರಿಸಿ, “ನಿಮ್ಮ ಕಡೇದವ್ರು ಬಂದಾರ ನೋಡ್ರಿ ನೀಲವ್ವಾ” ಎಂದು ಕೂಗಿದರು. ಅತ್ತಿ ಕೈಯೊರೆಸಿಕೊಳ್ಳುತ್ತ ಬಂದಳು. ಕೂದಲು ನರೆತಿತ್ತು. ಮೈ ಕೈ ತುಂಬಿಕೊಂಡಿತ್ತು. ನನ್ನನ್ನು ಕಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತಳು.

“ಬರ್ರಿ,” ಎಂದಳು. “ಕುಂದರ್ರಿ. ನೀರ ಕುಡೀರಿ.”

ಅವಳು ಪರಕೀಯರಿಗೆ ಮಾತ್ರ ಹಚ್ಚುವ ಆ ‘ರಿ’ ನನ್ನ ಕಿವಿಗೆ ಬಿತ್ತು.

“ಅತ್ತಿ, ನಾ ಶಾಂತಿ.”

“ಗೊತ್ತಾತ್ರಿ. ಸಾಲಿ ಅಕ್ಕೋರ ಆಗೀರಂತ, ಕೇಳೇನ್ರಿ.”

ನಾನು ಕಾಗದ ಬಿಚ್ಚಿ ಓದಿ ಹೇಳಿದೆ. ಪದ ಕಟ್ಟಿದವರ ಹೆಸರು, ನೀಲವ್ವ. ಇಲ್ಲಿ ಹೆಬ್ಬೆಟ್ಟು ಒತ್ತಿದರೆ ಮುಂದಿನ ಪ್ಲೇಟುಗಳ ಮೇಲೆ ಅವಳ ಹೆಸರು ಅಚ್ಚಾಗುತ್ತದೆ, ರಾಯಲ್ಟಿ ಇನ್ನು ಅವಳಿಗೇ ಬರುತ್ತದೆ, ಅವಳು ಯಾರ ಮನೆಯಲ್ಲೂ ಬೀಸಬೇಕಾಗಿಲ್ಲ. ಮೂವತ್ತರಲ್ಲಿ ಎರಡು ಪದ ಮಾತ್ರ ಕಾಗದದಲ್ಲಿದ್ದವು, ಉಳಿದವು ಎಂದೂ ಅವಳವೇ ಆಗಿದ್ದವು ಎಂದೂ ಹೇಳಿದೆ. ಅದನ್ನು ಹೇಳುವಾಗ ನನಗೆ ಅಳು ಬಂತು. ಅವಳು ಅಳು ಮುಗಿಯುವ ತನಕ ಕಾದಳು. ನಾನು ಶಾಯಿಯ ಡಬ್ಬಿ ತೆರೆದು ಮುಂದಿಟ್ಟೆ. ಅವಳು ಬಲಗೈ ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜಿ ಮುಂದೆ ತಂದಳು.

“ನಾ ಇದನ್ನ ಒತ್ತಿದ್ರ ನನಗ ರೊಕ್ಕ ಬರತೈತಿ, ಹೆಸರ ಬರತೈತಿ. ನಿಮಗ ಏನ ಬರತೈತ್ರಿ?”

“ನನಗೇನೂ ಬ್ಯಾಡ ಅತ್ತಿ. ಎದಿಮ್ಯಾಲಿನ ಭಾರ ಇಳದ್ರ ಸಾಕು.”

“ಇಳೀತೈತೇನ್ರಿ?”

“ಇಳೀತೈತಿ.”

ಅವಳು ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು. ಆಮೇಲೆ ಬೆರಳುಗಳನ್ನೆಲ್ಲ ಮಡಿಚಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಹಂಗಾದ್ರ ಒತ್ತೂದಿಲ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಬಾಗಿಲ ತನಕ ಬಂದು, ಮೋಟರು ಯಾವ ಕಡೆ ನಿಲ್ಲುತ್ತದೆಂದು ಕೈಮಾಡಿ ತೋರಿಸಿ, ಒಳಗೆ ಹೋದಳು. ನಾನು ರಸ್ತೆಗೆ ಬರುವಷ್ಟರಲ್ಲಿ ಬೀಸುಕಲ್ಲಿನ ಸದ್ದು ಕೇಳಿಸಿತು. ಅದರ ಮೇಲೆ ಪದವಿರಲಿಲ್ಲ.

ಆ ಕಾಗದ ತುಂಬದೆಯೇ ಉಳಿಯಿತು. ಹೆಸರಿನಲ್ಲಿ ಬದಲಿಲ್ಲವೆಂದು ಕಂಪನಿಗೆ ಬರೆದೆ. ಸಂಸ್ಥಾನಗಳು ಹೋಗುವ ಮುಂಚಿನ ಬೇಸಿಗೆಯಲ್ಲಿ ನೀಲತ್ತಿ ತೀರಿಕೊಂಡಳು. ನನಗೆ ತಿಳಿದದ್ದು ಒಂದು ತಿಂಗಳ ಮೇಲೆ. ಆ ವರ್ಷದ ರಾಯಲ್ಟಿ ಅಷ್ಟರಲ್ಲಿ ಅಂಚೆಯಲ್ಲಿ ಬಂದಿತ್ತು. ಸಹಿ ಹಾಕಿ ತೆಗೆದುಕೊಂಡಿದ್ದೆ. ಮುಂದಿನ ವರ್ಷವೂ ತೆಗೆದುಕೊಂಡೆ.